ಜೂನ್ ಒಂದರಂದು ಹುಟ್ಟಿದವರು

2008ನೆಯ ಇಸವಿಯ ಜೂನ್ ತಿಂಗಳಲ್ಲಿ ನನಗೆ ಮೂವತ್ತೇಳು ವರ್ಷ. ಶಾಲೆಯ ದಾಖಲೆಯ ಪ್ರಕಾರ ಮೂವತ್ತೆಂಟು. ಕೋಟದ ಆಸುಪಾಸಿನಲ್ಲಿ ನನ್ನ ಓರಗೆಯವರನ್ನು ಕೇಳಿದರೆ ಬಹಳ ಮಂದಿ ಜೂನ್ ಒಂದರಂದೇ ಹುಟ್ಟಿದವರು. ಒಂದನೆಯ ತರಗತಿಗೆ ಸೇರಲು ವಯಸ್ಸು ಸಾಲದ ಮಕ್ಕಳಿಗೆ ಮೇಷ್ಟ್ರುಗಳು ಆ ದಿನಾಂಕವನ್ನು ದಯಪಾಲಿಸುತ್ತಿದ್ದರು.

ಆ ವರ್ಷ ನಾನು ಮೇಷ್ಟ್ರಾಗಿದ್ದ ಶಾಲೆಯ ದಾಖಲಾತಿ ಪುಸ್ತಕ ನನ್ನ ಸುಪರ್ದಿಯಲ್ಲಿತ್ತು. ತಂಗಿ ತನ್ನ ಮಗನ ಕೈಹಿಡಿದು ಬಂದಳು. ಅವನು ಹುಟ್ಟಿದ್ದು 2002ರ ಡಿಸೆಂಬರ್ ಇಪ್ಪತ್ತರಂದು. ಐದು ವರ್ಷ ಹತ್ತು ತಿಂಗಳು ತುಂಬಿರಬೇಕೆಂಬ ನಿಯಮಕ್ಕೆ ಐದು ತಿಂಗಳು ಕಡಿಮೆ.

"ಅಣ್ಣಯ್ಯ, ಇವ್ನಿಗೂ ಜೂನ್ ಒಂದ್ ಬರಿ. ಇವ್ನ್ ಉಪದ್ರ ನಂಗ್ ತಡ್ಕಂಬುಕಾತಿಲ್ಲೆ."

"ಸುಳ್ಳ್ ಬರಿ ಅಂತ್ಯಾ?"

"ನಿಂಗೆ ಅಪ್ಪಯ್ಯ ಬರ್ಸಿದ್ದೂ ಅದೇ ಅಲ್ದಾ? ಅದ್ರಿಂದ ಎಂತ ಹಾಳಾಯ್ತ್?"

ಒಂದು ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದ ನಾನು, ತಿದ್ದುಪಡಿಯ ಗುರುತಿಲ್ಲದಂತೆ, ದುಂಡಗೆ, '1-6-2002' ಎಂದು ಬರೆದೆ.

ನಮ್ಮ ಕಡೆಯ ಹುಡುಗರಿಗೆ ಮುಂಬಯಿಯ ಹೋಟೆಲು ಗೊತ್ತಿರುವಷ್ಟು ಸೈನ್ಯ ಗೊತ್ತಿಲ್ಲ. ತಂಗಿಯ ಮಗನಿಗೆ ಮಾತ್ರ ಹೈಸ್ಕೂಲಿನಿಂದಲೇ ಆ ಹಂಬಲ. ಬೆಳಗಿನ ಐದೂವರೆಗೆ ನನ್ನ ಕಿಟಕಿಯ ಕೆಳಗಿನ ಮಣ್ಣುದಾರಿಯಲ್ಲಿ ಅವನ ಓಟದ ಸದ್ದು ಹಾದುಹೋಗುತ್ತಿತ್ತು. ಭಾನುವಾರ ಬಸ್ಸು ಹಿಡಿದು ಮರವಂತೆಯ ಮರಳಿನಲ್ಲಿ ಓಡಿ ಬರುತ್ತಿದ್ದ. 2021ರ ಭರ್ತಿ ರ‍್ಯಾಲಿಯಲ್ಲಿ ದೇಹದಾರ್ಢ್ಯ, ವೈದ್ಯಕೀಯ ಎರಡೂ ಪರೀಕ್ಷೆಗಳಲ್ಲಿ ಉತ್ತೀರ್ಣನಾದ. ಉಳಿದಿದ್ದುದು ಲಿಖಿತ ಪರೀಕ್ಷೆಯೊಂದೇ. ಅದು ಕೊರೊನಾದ ಕಾರಣದಿಂದ ಮತ್ತೆ ಮತ್ತೆ ಮುಂದಕ್ಕೆ ಹೋಯಿತು.

ಬಸ್ ಸ್ಟಾಪಿನ ಚಹಾದಂಗಡಿಯವರು ಕೂಗಿ ಕೇಳುತ್ತಿದ್ದರು: "ಹ್ವಾಯ್ ಮಿಲಿಟ್ರಿ, ಬಂದೂಕ್ ಎಲ್ಲಿತ್ತ್?"

"ಬಪ್ಪು ತಿಂಗ್ಳ್ ಬತ್ತ್. ನಿಮ್ಮ್ ಚಾ ಅಷ್ಟ್ರೊಳ್ಗೆ ಬತ್ತಾ ಕಾಂಬ."

2022ರ ಜೂನ್‌ನಲ್ಲಿ ಸರಕಾರ ಸೈನ್ಯದ ಭರ್ತಿಯ ಕ್ರಮವನ್ನೇ ಬದಲಿಸಿತು. ಅಗ್ನಿಪಥ ಎಂಬ ಆ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಅನಂತರ ನಾಲ್ವರಲ್ಲಿ ಒಬ್ಬನಿಗಷ್ಟೇ ಮುಂದುವರಿಯಲು ಅವಕಾಶ. ಅರ್ಧಕ್ಕೆ ನಿಂತಿದ್ದ ಹಳೆಯ ಭರ್ತಿಗಳೆಲ್ಲ ರದ್ದಾದವು. ಬೇಕಾದವರು ಹೊಸದಾಗಿ ಅರ್ಜಿ ಹಾಕಬೇಕಿತ್ತು.

"ಹಾಕುದಾ ಮಾವ?" ಎಂದು ಅವನು ಕೇಳಿದ.

ಉತ್ತೀರ್ಣನಾದವನು ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲುವುದು ನ್ಯಾಯವಲ್ಲವೆಂದೂ, ಅವನಂಥವರೇ ದೆಹಲಿಯಲ್ಲಿ ಮೊಕದ್ದಮೆ ಹೂಡಿದ್ದಾರೆಂದೂ, ಕಾಯಬೇಕೆಂದೂ ನಾನು ವಿವರಿಸಿದೆ. ನನ್ನ ವಾಕ್ಯಗಳಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಅವನು ಆ ವರ್ಷ ಅರ್ಜಿ ಹಾಕಲಿಲ್ಲ, ಓಟವನ್ನೂ ಬಿಡಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಹೊಸ ಪ್ರಕಟಣೆ ಬಂತು. ನಾಲ್ಕು ವರ್ಷವಾದರೂ ಸರಿ, ಹೋಗುತ್ತೇನೆಂದು ಅವನು ಮೊಬೈಲ್ ಹಿಡಿದು ನಮ್ಮ ಜಗಲಿಯಲ್ಲಿ ಕೂತ. ಹುಟ್ಟಿದ ದಿನಾಂಕ ತುಂಬಿದೊಡನೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಆ ಅಕ್ಟೋಬರ್ ಒಂದಕ್ಕೆ ಇಪ್ಪತ್ತೊಂದು ದಾಟಿರಬಾರದಿತ್ತು; ಜೂನ್ ಒಂದರ ಲೆಕ್ಕದಲ್ಲಿ ವಯಸ್ಸು ನಾಲ್ಕು ತಿಂಗಳು ಮೀರಿತ್ತು. ಡಿಸೆಂಬರ್ ಇಪ್ಪತ್ತರ ಲೆಕ್ಕದಲ್ಲಿ ಮೀರಿರಲಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲೂ ನಾನು ಬರೆದದ್ದೇ ಇತ್ತು. ಅದನ್ನು ತಿದ್ದಿಸಲು ಸಿವಿಲ್ ದಾವೆ ಹೂಡಬೇಕು. ಅರ್ಜಿಗೆ ಉಳಿದಿದ್ದುದು ಕೆಲವೇ ವಾರ.

ತಂಗಿ ಬಾಗಿಲ ಬಳಿ ನಿಂತಿದ್ದಳು. ಅವನು ಮೊಬೈಲನ್ನು ಕಿಸೆಗೆ ಹಾಕಿ ನನ್ನನ್ನು ನೋಡಿದ.

"ಮಾವ, ಆ ಆರ್ ತಿಂಗ್ಳ್ ವಾಪಾಸ್ ಕೊಡುಕಾತ್ತಾ?"

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಪುಸ್ತಕ ಎರವಲು ಕೇಳುವ ಧ್ವನಿಯಲ್ಲಿ ಕೇಳಿದ.

"ಕೋರ್ಟಿನದ್ದೊಂದ್ ಇತ್ತಲ್ದಾ," ಎಂದೆ.

ಆಮೇಲೆ ಇದ್ದದ್ದು ಅದೊಂದೇ. ಮರುದಿನವೂ ಐದೂವರೆಗೆ ಅವನ ಹೆಜ್ಜೆಗಳು ಕಿಟಕಿಯ ಕೆಳಗೆ ಹಾದುಹೋದವು. ಒಂದೂವರೆ ತಿಂಗಳು ಹಾಗೆಯೇ ಹಾದುಹೋದವು.

ಈಗ ಅವನು ಮುಂಬಯಿಯಲ್ಲಿ, ದೂರದ ಸಂಬಂಧಿಕರ ಹೋಟೆಲಿನಲ್ಲಿದ್ದಾನೆ. ಪ್ರತಿವರ್ಷ ಜೂನ್ ಒಂದರಂದು ಬ್ಯಾಂಕಿನಿಂದ ಅವನಿಗೆ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ಅದನ್ನು ಒಂದಕ್ಷರವನ್ನೂ ಸೇರಿಸದೆ ನನಗೆ ಕಳುಹಿಸುತ್ತಾನೆ. ನಾನು ಈಗಲೂ ಐದೂವರೆಗೆ ಎಚ್ಚರಗೊಳ್ಳುತ್ತೇನೆ. ಮಣ್ಣುದಾರಿಗೆ ಕಾಂಕ್ರೀಟು ಬಿದ್ದಿದೆ. ನನಗೆ ಕೇಳುವ ಹೆಜ್ಜೆಗಳು ಮಾತ್ರ ಮಣ್ಣಿನ ಮೇಲಿನವು. ಕಿಟಕಿಯನ್ನು ಸಮೀಪಿಸುತ್ತವೆ, ದಾಟುವುದಿಲ್ಲ. ಎದ್ದು ನೋಡುವ ಧೈರ್ಯ ಒಂದು ದಿನವೂ ಬಂದಿಲ್ಲ.

ಹಳೆಯ ಭರ್ತಿಯಲ್ಲಿ ಆಯ್ಕೆಯ ಹಾದಿಯಲ್ಲಿದ್ದವರಿಗೆ ನೇಮಕಾತಿಯ ಹಕ್ಕೇನೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ, ದೆಹಲಿಯ ಹೈಕೋರ್ಟಿನಲ್ಲಿ ಸೋತಿದ್ದ ಅವರ ಮೇಲ್ಮನವಿಯನ್ನು ವಜಾಗೊಳಿಸಿತ್ತು. ಆ ದಿನದ ನನ್ನ ದಿನಚರಿಯಲ್ಲಿ ಸುದ್ದಿಯಿಲ್ಲ, ದಿನಾಂಕ ಮಾತ್ರ ಇದೆ. ಈ ಸಲ ಸರಿಯಾದದ್ದು: ಸೋಮವಾರ, 10 ಏಪ್ರಿಲ್ 2023.