ಮೋಡಕ್ಕೆ ಬೆರಳು ತೋರಿಸಬಾರದು

ಇವತ್ತು ಮಧ್ಯಾಹ್ನ ಅಟ್ಟದಿಂದ ಒಂದು ಹಸಿರು ಚೀಲ ಇಳಿಸಿದೆ. ಬೆನ್ನಿಗೆ ಹಾಕಿಕೊಳ್ಳುವಂಥ ದೊಡ್ಡ ಚೀಲ. ನನ್ನ ನಾದಿನಿ ನೀಲಾ ಮತ್ತೆ ಎಲ್ಲಿಗೋ ಹೊರಟಿದ್ದಾಳೆ, ಅವಳಿಗೆ ಅದು ಬೇಕಂತೆ. ಜಿಪ್ಪು ಎಳೆದದ್ದೇ ತಡ, ಉಪ್ಪುನೀರು, ಡೀಸೆಲ್ಲು, ಮುಗ್ಗಿದ ಹಗ್ಗ ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಮೂರು ವರ್ಷವಾಗಿದೆ, ಎರಡು ಸಲ ಒಗೆದೂ ಇದ್ದೇನೆ. ಆದರೂ ಜಿಪ್ಪನ್ನು ಮತ್ತೆ ಎಳೆದು ಮುಚ್ಚಿಬಿಟ್ಟೆ. ನಗಬೇಡಿ, ಯಾಕೆಂದು ಹೇಳುತ್ತೇನೆ.

ನಾನು ದೇವನಕೊಂಡದ ಕಡೆಯ ಹಳ್ಳಿಯವಳು. ಮದುವೆಯಾಗಿ ಆದೋನಿಗೆ, ಹತ್ತಿ ವ್ಯಾಪಾರದ ಮನೆಗೆ ಬಂದೆ. ಎರಡೂ ಕಡೆ ನೀರೆಂದರೆ ಕೊಡದಲ್ಲಿ ಇರುವ ವಸ್ತು. ಮಾಧವರಂ ಹತ್ತಿರ ತುಂಗಭದ್ರೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕೈಮುಗಿಯುತ್ತಿದ್ದೆ, ನೀರಿಗೂ ನನಗೂ ಇದ್ದ ಸಂಬಂಧ ಅಷ್ಟೇ. ಅಂಥವಳು ನಲವತ್ತು ದಾಟಿದ ಮೇಲೆ ಬೆನ್ನಿಗೆ ಇದೇ ಚೀಲ ಹಾಕಿಕೊಂಡು, ಕಾರವಾರದಾಚೆ ಸಮುದ್ರದಲ್ಲಿ, ಹಾಯಿದೋಣಿ ಹತ್ತಿದೆ. ತಪ್ಪು ನೀಲಾಳದು. ಆಸ್ಪರಿಯ ಶಾಲೆಯಲ್ಲಿ ಪಾಠ ಹೇಳುವ ಅವಳಿಗೆ ರಜೆ ಬಂತೆಂದರೆ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಆ ದಸರಾ ರಜೆಗೆ ಗೆಳತಿಯರ ಜೊತೆ ಯಾವುದೋ ದ್ವೀಪಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ನಮ್ಮತ್ತೆ ಒಂದೇ ಮಾತು ಹೇಳಿದರು: "ನಿಮ್ಮ ವದಿನ ಬಂದ್ರ ಹೋಗು, ಇಲ್ಲಾಂದ್ರ ಇಲ್ಲ." ನಮ್ಮ ಮನೆಯಲ್ಲಿ ಅತ್ತಿಗೆಯನ್ನು ತೆಲುಗಿನಂತೆ ವದಿನ ಎಂದೇ ಕರೆಯುವುದು. ಆಮೇಲೆ ನನ್ನನ್ನು ಒಳಗೆ ಕರೆದು, "ಹುಡುಗಿನ್ನ ನಿನ್ನ ಕೈಯಾಗ ಕೊಟ್ಟೀನಿ. ಹೆಂಗ ಒಯ್ತಿ ಹಂಗ ತಂದು ಒಪ್ಪಿಸಬೇಕು ನೋಡು" ಎಂದರು. ನನ್ನ ಚೀಲದಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ವಿಭೂತಿ ಇದ್ದವು. ಉಳಿದ ಹುಡುಗಿಯರ ಚೀಲದಲ್ಲಿ ಏನಿತ್ತೋ ಗೊತ್ತಿಲ್ಲ, ರೊಟ್ಟಿ ಖಾಲಿ ಮಾಡಿದವರು ಮಾತ್ರ ಅವರೇ.

ದೋಣಿಯ ಮಾತಿಗೆ ಮೊದಲು ನಮ್ಮಪ್ಪನ ಮಾತು ಹೇಳಬೇಕು. ನಮ್ಮೂರಲ್ಲಿ ಮೋಡ ಎದ್ದರೆ ಯಾರೂ ಬಾಯಿ ಬಿಡುವಂತಿಲ್ಲ. "ಮಳಿ ಬರ್ತೈತಿ" ಎಂದು ಕೂಗಿದರೆ, ಬೆರಳು ತೋರಿಸಿದರೆ, ದೃಷ್ಟಿ ತಾಕಿ ಮೋಡ ಪಕ್ಕದೂರಿಗೆ ಹೋಗುತ್ತದೆ ಎಂಬ ನಂಬಿಕೆ. ಮೋಡ ಕಪ್ಪಗಾಗುತ್ತಿದ್ದಂತೆ ಅಪ್ಪ ಅದಕ್ಕೆ ಬೆನ್ನು ಮಾಡಿ ಕೂತು, ಬೇಕೆಂದೇ ಎಮ್ಮೆಯ ಮಾತು ತೆಗೆಯುತ್ತಿದ್ದರು. ಮಕ್ಕಳಲ್ಲಿ ಯಾರಾದರೂ ಬೆರಳೆತ್ತಿದರೆ ಹಿಡಿದು ಮಡಚುತ್ತಿದ್ದರು. ಈ ಅಭ್ಯಾಸ ನನ್ನ ಜೊತೆ ಆದೋನಿಗೂ ಬಂತು. ಇಲ್ಲಿ ಮಳೆ ಎಂದರೆ ಮಾರ್ಕೆಟ್ ಯಾರ್ಡಿನಲ್ಲಿ ಬಯಲಿಗೆ ಬಿದ್ದ ಹತ್ತಿಯ ಶತ್ರು. ಸರಕು ತೊಯ್ದಾಗಲೆಲ್ಲ ನಮ್ಮ ಯಜಮಾನರು, "ಮಾಳಿಗಿ ಮ್ಯಾಲೆ ಇದ್ದಿ, ಮೋಡ ನೋಡಿದ್ದಿ, ಒಂದು ಫೋನ್ ಮಾಡಾಕ ಏನಾಗಿತ್ತು?" ಎಂದು ರೇಗುತ್ತಿದ್ದರು. ನಾನು ಬೈಸಿಕೊಂಡೆನೇ ಹೊರತು ಬಾಯಿ ಬಿಟ್ಟವಳಲ್ಲ.

ದೋಣಿ ನಡೆಸುವವನ ಹೆಸರು ಗಣಪಣ್ಣ. ಒಣಕಲು ಆಳು, ಮಾತು ಕಡಿಮೆ. ನಾವು ದ್ವೀಪಕ್ಕೆ ಮುಖ ಮಾಡಿ ಹೊರಟಿದ್ದೆವು. ಅವನ ಕಣ್ಣು ಮುಂದೆ, ಹಾಯಿಯ ಮೇಲೆ. ನಾನು ಮತ್ತು ನೀಲಾ ಮಾತ್ರ ದಂಡೆಯ ಕಡೆ ಮುಖ ಮಾಡಿ ಕೂತಿದ್ದೆವು. ಅದನ್ನು ನೋಡಿ ಅವನು, "ಅಕ್ಕ, ಘಟ್ಟದ ಬದಿ ಕಪ್ಪಾದ್ರೆ ಒಂದು ಕೂಗು ಹಾಕಿ" ಎಂದ. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಒಂದು ಗಂಟೆಯೂ ಆಗಿರಲಿಲ್ಲ. ಘಟ್ಟದ ನೆತ್ತಿಯ ಮೇಲೆ ಕಾಡಿಗೆ ಬಳಿದ ಹಾಗೆ ಮೋಡ ಎದ್ದಿತು. ಎಂಥ ಮೋಡ ಅಂತೀರಿ! ನಮ್ಮೂರಿಗೆ ಅಂಥದೊಂದು ಬಂದಿದ್ದರೆ ಅಪ್ಪ ಎಮ್ಮೆಯ ಮಾತು ಮೂರು ಸಲ ತೆಗೆಯುತ್ತಿದ್ದರು. ನನಗೆ ಸಂತೋಷವಾಯಿತು, ನಿಜಕ್ಕೂ ಸಂತೋಷವೇ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಗಣಪಣ್ಣನ ಮಾತು ಮರೆತಿರಲಿಲ್ಲ, ಹೇಳಬೇಕು ಹೇಳಬೇಕು ಅನ್ನಿಸುತ್ತಲೇ ಇತ್ತು. ಆದರೆ ನಾಲಿಗೆ ಏಳಲಿಲ್ಲ. ನಾನು ಮೋಡದಿಂದ ಕಣ್ಣು ತೆಗೆದು ನೀಲಾಳಿಗೆ, "ಊಟಕ್ಕ ಏನು ಕೊಡ್ತಾರಂತ?" ಎಂದು ಕೇಳಿದೆ. ಅವಳು, "ಮೀನಿಲ್ಲದ್ದು ಏನಾದ್ರೂ ಸಿಗ್ತೈತಿ ಬಿಡು ವದಿನಾ" ಎಂದಳು. ಹೀಗೆ ಕಾಲು ಗಂಟೆ ಕಳೆಯಿತು.

ಗಾಳಿ ಬಂದದ್ದು ದೋಣಿಯನ್ನು ಹಿಂದಿನಿಂದ ಯಾರೋ ದಬ್ಬಿದ ಹಾಗೆ. ಗಣಪಣ್ಣ ತಿರುಗಿ ನೋಡಿ, "ಯಾರೂ ನೋಡ್ಲಿಲ್ವಾ!" ಎಂದು ಕಿರುಚಿದ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಹಾಯಿ ಇಳಿಸಲು ಹೋದ, ಹಗ್ಗ ಸಿಕ್ಕಿಕೊಂಡು ಅದು ಇಳಿಯಲಿಲ್ಲ. ದೋಣಿ ಒಂದು ಮಗ್ಗುಲಿಗೆ ವಾಲಿತು. ಚೀಲಗಳು ಜಾರಿದವು. ನೀಲಾ ಈ ಹಸಿರು ಚೀಲ ಹಿಡಿಯಲು ಎದ್ದಳು. ಮರುಕ್ಷಣ ಅವಳು ಕೂತಿದ್ದ ಜಾಗದಲ್ಲಿ ಬರೀ ನೀರು.

ಅವಳು ತೊಟ್ಟಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೀಟು ಒಮ್ಮೆ ಕಂಡಿತು, ಅಲೆ ಎದ್ದಿತು, ಕಾಣಲಿಲ್ಲ. ಮತ್ತೆ ಕಂಡಿತು, ಇನ್ನೂ ದೂರ. ಮಳೆಯ ಹೊಡೆತಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ, ಆದರೂ ನಾನು ರೆಪ್ಪೆ ಮುಚ್ಚಲಿಲ್ಲ. ಮುಚ್ಚಿ ತೆಗೆಯುವುದರೊಳಗೆ ಅವಳು ಇಲ್ಲದಂತಾದರೆ ಎಂಬ ಭಯ. ಆಗ ಮಾತ್ರ ನನ್ನ ಬೆರಳು ಎದ್ದಿತು. "ಅಲ್ಲಿ! ಅಲ್ಲಿ ಅದಾಳ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಣಪಣ್ಣ ನನ್ನ ಬೆರಳನ್ನೇ ನೋಡಿಕೊಂಡು ದೋಣಿ ತಿರುಗಿಸಿದ, ಹಗ್ಗ ಎಸೆದ. ಎರಡು ಸಲ ತಪ್ಪಿತು. ಮೂರನೆಯ ಸಲ ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಎಳೆಯುವಾಗ ಆ ಸುತ್ತಿನಲ್ಲಿ ಅವಳ ತೋರುಬೆರಳು ಮುರಿಯಿತು.

ದ್ವೀಪ ಮುಟ್ಟಿದೆವು. ಸಮುದ್ರ ಇಳಿಯುವವರೆಗೆ ಎರಡು ದಿನ ತಗಡಿನ ಶೆಡ್ಡಿನಲ್ಲಿ ಕೂತೆವು. ಬೆರಳಿಗೆ ನನ್ನ ಬಾಚಣಿಗೆ ಕಟ್ಟಿ ನೇರ ಇಟ್ಟಿದ್ದೆ, ರಾತ್ರಿಯಿಡೀ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅವಳದ್ದು ಒಂದೇ ಮಾತು, "ಏಂ ಕಾದು ವದಿನಾ, ಏನೂ ಆಗಂಗಿಲ್ಲ." ಫೋನು ಸಿಕ್ಕಾಗ ಅತ್ತೆಗೆ ಮಳೆ ಹೆಚ್ಚಾಗಿದೆ ಎಂದಷ್ಟೇ ಹೇಳಿದೆ. "ಛಲೋ ಆತು ಬಿಡವ್ವ, ಪುಣ್ಯ ಮಾಡ್ಯಾರ ಆ ಕಡಿ ಮಂದಿ" ಎಂದರು. ಊರಿಗೆ ಬಂದಮೇಲೆ ಬೆರಳು ನೋಡಿ ಅತ್ತರು, ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಕಾಲು ಗಂಟೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಬೆರಳು ಕೂಡಿಕೊಂಡಿತು, ಆದರೆ ಕೊಕ್ಕೆಯ ಹಾಗೆ ಬಾಗಿಯೇ ಉಳಿಯಿತು. ಅವಳು ತಟ್ಟೆ ಹಿಡಿದರೂ ಸೀಮೆಸುಣ್ಣ ಹಿಡಿದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಸಂಜೆ ನೀಲಾ ಶಾಲೆಯಿಂದ ಮನೆಗೆ ಬಂದವಳೇ ಚೀಲ ಎಲ್ಲಿ ಎಂದಳು. ಅದನ್ನು ಅವಳ ಕೈಗೆ ಕೊಡುತ್ತಾ ಕೇಳಿದೆ, "ಈ ಸಲಾನೂ ದೋಣಿ ಐತೇನು?"

"ಐತಿ."

ಇನ್ನು ತಡೆಯಲಾಗಲಿಲ್ಲ. "ನೀಲಾ, ಅವತ್ತು ನಾನು ಮೋಡ ನೋಡಿದ್ದೆ. ನೋಡಿನೂ ಹೇಳಲಿಲ್ಲ. ನಿನ್ನ ಬೆರಳು ನಾನ ಮುರಿದಂಗ" ಎಂದೆ. ಮುಂದೆ ಅಳು ಬಂದುಬಿಟ್ಟಿತು.

ಅವಳು ಚೀಲ ಕೆಳಗಿಟ್ಟಳು. "ನಾನೂ ನೋಡಿದ್ದೆ ವದಿನಾ. ನಿನಗಿಂತ ಮೊದಲ ನೋಡಿದ್ದೆ."

"ಮತ್ತ ಯಾಕ ಕೂಗಲಿಲ್ಲ?"

"ನೀನ ಕಲಿಸಿದ್ದಿ. ನೀನು ಹೊಸದಾಗಿ ಮದುವಿ ಆಗಿ ಬಂದಾಗ ನಾನು ಹತ್ತು ವರ್ಷದಾಕಿ. ಮಾಳಿಗಿ ಮ್ಯಾಲೆ ಮೋಡ ತೋರ್ಸಿದ್ದಕ್ಕ ನನ್ನ ಬೆರಳು ಮಡಚಿ, ಮಳಿ ಬೀಳೋತನಕ ನಿನ್ನ ಮುಷ್ಟಿಯಾಗ ಇಟ್ಕೊಂಡಿದ್ದಿ. ನೆನಪಿಲ್ಲೇನು?"

ನೆನಪಿರಲಿಲ್ಲ. ಹೊಸ ಮನೆಯಲ್ಲಿ ನನ್ನ ಕೈಗೆ ಮೊದಲು ಸಿಕ್ಕ ಕೈ ಅದೇ ಇರಬೇಕು. ಅವಳು ಇಷ್ಟು ದಿನ ಇದನ್ನು ಹೇಳದೆ ಇದ್ದದ್ದು ನನ್ನನ್ನು ಉಳಿಸಲಿಕ್ಕೋ, ತನ್ನನ್ನೋ, ನಾನು ಕೇಳಲಿಲ್ಲ. ಮೂರು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಾರ ಹೊತ್ತು ಓಡಾಡಿದ್ದೆವು.

ಇಬ್ಬರೂ ಕಣ್ಣೊರೆಸಿಕೊಂಡು ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದೆವು. ಗುಡ್ಡದ ಹಿಂದಿನಿಂದ ಮೋಡ ಏರುತ್ತಿತ್ತು, ಕಪ್ಪಗೆ, ದಟ್ಟವಾಗಿ. ನಾನು ಯಜಮಾನರಿಗೆ ಫೋನು ಮಾಡಿದೆ.

"ಮೋಡ ಬಂದೈತ್ರಿ. ಹತ್ತಿಗೆ ತಾಡಪತ್ರಿ ಹೊಚ್ಚಸ್ರಿ."

ಅವರು, "ಯಾರು ಮಾತಾಡೋದು?" ಎಂದರು.

ಪಕ್ಕದಲ್ಲಿ ನೀಲಾ ಆ ಬಾಗಿದ ಬೆರಳನ್ನು ಮೋಡಕ್ಕೆ ಚಾಚಿ, ಇಡೀ ಓಣಿಗೆ ಕೇಳುವಂತೆ, "ವದಿನಾ, ಮಳಿ!" ಎಂದು ಕೂಗಿದಳು. ನನ್ನ ಕೈ ಅಭ್ಯಾಸದಂತೆ ಅವಳ ಬೆರಳಿಗೆ ಹೋಯಿತು. ಹಿಡಿದೆ, ಆದರೆ ಮಡಚಲಿಲ್ಲ. ಮೊದಲ ಹನಿ ಬಿದ್ದದ್ದು ಅದರ ಮೇಲೆಯೇ.