ಹಂಡೆಯ ಮೇಲಿನ ಗೂಡು

ಅಕ್ಕನ ಎದೆಯ ಗಡ್ಡೆ ತೆಗೆದ ಮೇಲೆ ಬಂದ ರಿಪೋರ್ಟನ್ನು ಮನೆಯಲ್ಲಿ ಓದಿ ಹೇಳಿದವಳು ನಾನೇ. ಕಾನ್ವೆಂಟಿನ ಇಂಗ್ಲಿಷು ಅಷ್ಟಕ್ಕಾದರೂ ಬಂತು. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕ್ಯಾನ್ಸರ್ ಕಣಗಳ ಮೈಮೇಲೆ ಹರ್-ಟು ಎಂಬ ಪ್ರೋಟೀನು ಹೆಚ್ಚಿದ್ದರೆ ಅದಕ್ಕೆಂದೇ ಒಂದು ಇಂಜೆಕ್ಷನ್ ಇದೆ. ಇಲ್ಲದವರಿಗೆ ಅದನ್ನು ಕೊಟ್ಟು ಉಪಯೋಗವಿಲ್ಲ. ಅಕ್ಕನದು ಎರಡು ಪ್ಲಸ್, ಅಂದರೆ ಅನುಮಾನ. ಇನ್ನೊಂದು ಪರೀಕ್ಷೆಗೆ ಗಡ್ಡೆಯ ಚೂರು ಹುಬ್ಬಳ್ಳಿಗೆ ಹೋಗಬೇಕೆಂದರು ಡಾಕ್ಟರು.

ಭಾವ ಅದನ್ನು ಶಿರಸಿಯ ಆಸ್ಪತ್ರೆಯಿಂದ ತಂದಾಗ ಸಂಜೆ. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಳಿ ಮೇಣದಲ್ಲಿ ಹುದುಗಿದ, ಹುಣಸೆಬೀಜದಷ್ಟು ಮಾಂಸ. ಗಡ್ಡೆಯಿರುವ ಚೂರು ಇದೊಂದೇ ಉಳಿದಿದ್ದು. ಬೆಳಗಿನ ಬಸ್ಸಿನವರೆಗೆ ಮನೆಯಲ್ಲಿಡಬೇಕು.

ಅತ್ತೆ ಹೊಸಿಲಲ್ಲೇ ತಡೆದರು. "ಒಳಗೆ ತರಡ. ಮೈಯಿಂದ ಕೊಯ್ದಿದ್ದು ಅದು. ಬಚ್ಚಲಲ್ಲಿ ಇಡು."

"ಶಾಖ ತಾಗಲಾಗ ಹೇಳಿ ಚೀಟಿಲಿ ಬರದ್ದ, ಅತ್ತೆ," ಅಂದೆ.

"ಈಗೆಂತ ಬೆಂಕಿ ಇದ್ದಾ ಅಲ್ಲಿ? ಓದಲೆ ಬತ್ತು ಹೇಳಿ ಎಂಗೆ ಶಾಸ್ತ್ರ ಹೇಳಡ."

ಹಿರಿಯರಿಗೆ ಎದುರಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಹಂಡೆಯ ಮೇಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಯ ಪಕ್ಕ ಇಟ್ಟೆ.

ಬೆಳಿಗ್ಗೆ ಬಚ್ಚಲೊಲೆ ಹೊತ್ತಿಸುವುದು ನನ್ನ ಕೆಲಸ. ಹೊತ್ತಿಸಿ, ದೋಸೆ ಹೊಯ್ಯಲು ಹೋದೆ. ಮೂರನೆಯ ದೋಸೆಗೆ ನೆನಪಾಯಿತು. ಓಡಿ ಬಂದಾಗ ಪ್ಲಾಸ್ಟಿಕ್ ಮುರುಟಿತ್ತು. ಮೇಣ ಮಸಿಗೋಡೆಯ ಮೇಲೆ ಬೆಳ್ಳಗೆ ಇಳಿದಿತ್ತು. ಚೂರು ಇರಲಿಲ್ಲ. ಇಕ್ಕಳದಲ್ಲಿ ಬೂದಿ ಕೆದಕುವಾಗ ಭಾವ ಚೀಲ ಹಿಡಿದು ಹಿಂದೆ ನಿಂತಿದ್ದರು.

"ಹೋಪದು ಹೋತು. ಬಚ್ಚಲು ತೊಳೆ," ಅಂದರು ಅತ್ತೆ.

ಚೂರು ದಾರಿಯಲ್ಲಿ ಕಳೆಯಿತೆಂದು, ತವರಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಅಕ್ಕನಿಗೆ ಹೇಳಿದೆವು. ಪರೀಕ್ಷೆಯಿಲ್ಲದೆ ಆ ಇಂಜೆಕ್ಷನ್ ಕೊಡಲಿಲ್ಲ.

ವರ್ಷ ಕಳೆದು ರೋಗ ಯಕೃತ್ತಿಗೆ ಬಂತು. ಅಲ್ಲಿಂದ ಸೂಜಿಯಲ್ಲಿ ತೆಗೆದ ಚೂರಿನ ರಿಪೋರ್ಟನ್ನೂ ನಾನೇ ಓದಿದೆ: ಮೂರು ಪ್ಲಸ್, ಅಂದರೆ ಖಚಿತ. ಇಂಜೆಕ್ಷನ್ ಈಗ ಕೊಡುತ್ತಾರೆ, ಗುಣವಾಗಲಿಕ್ಕಲ್ಲ, ದಿನ ಎಳೆಯಲಿಕ್ಕೆ.

"ಹಂಗಾರೆ ಅವತ್ತೇ ಕೊಡ್ಲಾಗಿತ್ತು," ಅಂದಳು ಅಕ್ಕ, ಮೆಲ್ಲಗೆ.

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು, ತಲೆಯೆತ್ತಲಿಲ್ಲ. "ಒಲೆ ಹೊತ್ತಿಸಿದ್ದು ಆನಲ್ಲ."

ಅಕ್ಕ ನನ್ನನ್ನು ನೋಡಿದಳು. ನನ್ನ ಅಂಗೈಯಲ್ಲಿ ಅವಳ ಎರಡು ಮಾತ್ರೆಗಳಿದ್ದವು.

"ಅಲ್ಲೇ ಕಿಟಕೀಲಿ ಇಡು, ತಂಗಿ," ಅಂದಳು. "ನಿನ್ನ ಕೈಯಿಂದ ಬ್ಯಾಡ."

ಈಗಲೂ ಅಲ್ಲೇ ಇಡುತ್ತೇನೆ. ನಾನು ಕೋಣೆ ದಾಟಿದ ಮೇಲೆ ಲೋಟದ ಸಪ್ಪಳ ಕೇಳುತ್ತದೆ.