ದೇವಯ್ಯ ಬರೆಸಿದ ಬಿಸಿನೀರು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಹೊಗೆಸೊಪ್ಪಿನ ಕಾರ್ಖಾನೆ. ರೈತರಿಂದ ಕೊಂಡ ಸೊಪ್ಪನ್ನು ಅಲ್ಲಿ ವಿಂಗಡಿಸಿ, ಹಬೆ ಕೊಟ್ಟು ಹದ ಮಾಡಿ, ಮತ್ತೆ ಒಣಗಿಸಿ, ಪೆಟ್ಟಿಗೆ ಕಟ್ಟಿ ಹಡಗಿಗೆ ಕಳಿಸುತ್ತಾರೆ. ಆ ಹಬೆ ಬರುವ ಬಾಯ್ಲರನ್ನು ಇಪ್ಪತ್ತಾರು ವರ್ಷದಿಂದ ಉರಿಸುತ್ತಿರುವವನು ದೇವಯ್ಯ. ಓದಿದ್ದು ಮೂರನೇ ಕ್ಲಾಸು. ಆದರೆ ಸೌದೆ ಒಲೆಗೆ ಬಿದ್ದ ಸದ್ದಿನಲ್ಲೇ ಅದು ಹಸಿಯೋ ಒಣಗಿದ್ದೋ ಹೇಳಬಲ್ಲ. ಮೀಟರಿನ ಮುಳ್ಳು ಅಲ್ಲಾಡುವ ಮೊದಲೇ ಅವನ ಕಿವಿಗೆ ಸುದ್ದಿ ಮುಟ್ಟಿರುತ್ತದೆ. ಬಾಯ್ಲರ್ ಇನ್‌ಸ್ಪೆಕ್ಟರು ಬಂದಾಗ ಸಾಹೇಬರುಗಳೆಲ್ಲ ಫೈಲು ಹಿಡಿದು ಮುಂದೆ ನಿಂತು, ಪ್ರಶ್ನೆ ಬಿದ್ದ ಕೂಡಲೇ ಹಿಂದೆ ತಿರುಗಿ ದೇವಯ್ಯನ ಮುಖ ನೋಡುತ್ತಿದ್ದರು.

ಹೆಂಡತಿ ಚಿಕ್ಕಸಿದ್ದಮ್ಮನದು ಅದೇ ಕಾರ್ಖಾನೆಯಲ್ಲಿ ಸೊಪ್ಪು ಆರಿಸುವ ಕೆಲಸ. ಕಂಟ್ರಾಕ್ಟರು ಟೆಂಪೋದಲ್ಲಿ ಕರೆತರುವ ಅರವತ್ತು ಹೆಂಗಸರಲ್ಲಿ ಅವಳೂ ಒಬ್ಬಳು. ಹೊಗೆಸೊಪ್ಪು ಮುಟ್ಟಿದವರಿಗೇ ಗೊತ್ತು, ಅದರ ಅಂಟು ಎಂಥದ್ದು ಅಂತ. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಕರ್ರಗೆ ಮೆತ್ತಿಕೊಂಡಿರುತ್ತದೆ. ತಣ್ಣೀರಿಗೆ ಅದು ಜಗ್ಗುವುದಿಲ್ಲ, ಸೋಪಿಗೂ ಅಷ್ಟಕ್ಕಷ್ಟೆ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆ ಕಹಿ, ನೀರು ಕುಡಿದರೆ ನೀರೂ ಕಹಿ. ಮೊದಲ ವರ್ಷ ಚಿಕ್ಕಸಿದ್ದಮ್ಮ ಎರಡು ತುತ್ತು ತಿಂದು ವಾಕರಿಸಿ ಎದ್ದುಬಿಡುತ್ತಿದ್ದಳು. ಸೀಸನ್ ಮುಗಿಯುವಷ್ಟರಲ್ಲಿ ಅವಳ ರವಿಕೆ ತೋಳುಗಳು ಜೋಲಾಡುತ್ತಿದ್ದವು.

ದೇವಯ್ಯನಿಗೆ ನೋಡಲಾಗಲಿಲ್ಲ. ಒಣಗಿಸುವ ಯಂತ್ರಕ್ಕೆ ಹೋದ ಹಬೆ ಅಲ್ಲಿ ನೀರಾಗಿ, ಕುದಿಕುದಿಯುತ್ತಾ ಹೊರಗೆ ಬರುತ್ತದೆ. ಬೇರೆಲ್ಲ ಕಡೆಯ ನೀರು ಪೈಪಿನಲ್ಲಿ ವಾಪಸು ಬಾಯ್ಲರಿಗೆ ಹೋಗುತ್ತಿತ್ತು, ಕೊನೆಯ ಯಂತ್ರದ್ದು ಮಾತ್ರ ದೂರವಾಯಿತೆಂದು ಮೋರಿಗೆ ಬಿಟ್ಟಿದ್ದರು. ಒಂದು ಭಾನುವಾರ ದೇವಯ್ಯ ಹಳೇ ಪೈಪಿನ ತುಂಡುಗಳನ್ನು ಜೋಡಿಸಿ ಆ ನೀರನ್ನು ಗೋಡೆಯ ಹಿಂದಿನ ಸಿಮೆಂಟು ತೊಟ್ಟಿಗೆ ತಿರುಗಿಸಿದ. ಆಗಿನ ಮ್ಯಾನೇಜರು ನೋಡಿದರು, "ಮೋರಿಗೆ ಹೋಗೋ ನೀರು ತಾನೇ" ಎಂದು ನಡೆದರು. ಅಂದಿನಿಂದ ಹದಿನಾಲ್ಕು ವರ್ಷ ಅರವತ್ತು ಹೆಂಗಸರು ಊಟಕ್ಕೆ ಮುಂಚೆ ಆ ತೊಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತು ಬಿಸಿನೀರಲ್ಲಿ ಕೈ ಉಜ್ಜಿಕೊಂಡರು. ನಕ್ಕರು, ಒಬ್ಬರ ಮೇಲೊಬ್ಬರು ನೀರೆರಚಿದರು, ಹೊಟ್ಟೆ ತುಂಬ ಉಂಡರು. ಇದು ಯಾವ ಕಾಗದದಲ್ಲೂ ಇರಲಿಲ್ಲ.

ಹೋದ ವರ್ಷ ಸೊಪ್ಪು ಕೊಳ್ಳುವ ಹೊರದೇಶದವರು ಹೊಸದೊಂದು ಕೇಳಿದರು. ಕಾರ್ಖಾನೆ ಎಷ್ಟು ಸೌದೆ, ಎಷ್ಟು ಕರೆಂಟು ಸುಡುತ್ತದೆ, ಎಲ್ಲೆಲ್ಲಿ ಪೋಲಾಗುತ್ತದೆ, ವರ್ಷದಿಂದ ವರ್ಷಕ್ಕೆ ಎಷ್ಟು ಉಳಿಸುತ್ತೀರಿ, ಇದೆಲ್ಲ ಐಎಸ್‌ಓ ಕ್ರಮದಲ್ಲಿ ಬರೆದಿಟ್ಟು ಸರ್ಟಿಫಿಕೇಟು ತೋರಿಸಿ ಅಂತ. ಐಎಸ್‌ಓ ಐವತ್ತು ಸಾವಿರದ ಒಂದು ಎಂಬುದು ಅದರ ಹೆಸರು. ಗೇಟಿನಲ್ಲಿ, ಕ್ಯಾಂಟೀನಿನಲ್ಲಿ, ಬೀಡಿ ಸೇದುವ ಮರದಡಿಯಲ್ಲಿ ಎಲ್ಲ ಕಡೆಯೂ ಐವತ್ತು ಸಾವಿರದ್ದೇ ಮಾತು. ಈ ಕೆಲಸಕ್ಕೆಂದೇ ಮಧುಶ್ರೀ ಎಂಬ ಇಂಜಿನಿಯರ್ ಹುಡುಗಿಯನ್ನು ನೇಮಿಸಿದರು. ಕೆ.ಆರ್.ನಗರದವಳು, ಗದ್ದೆ ಇದ್ದವರ ಮನೆಯ ಮಗಳು. ಬಂದ ಮೊದಲ ದಿನವೇ ಬಾಯ್ಲರ್ ಮನೆಗೆ ಬಂದು, "ದೇವಯ್ಯನವ್ರೇ, ನೀವು ಹೇಳಿಕೊಟ್ರೆ ಮಾತ್ರ ನಂಗೆ ಈ ಕೆಲಸ ಆಗೋದು" ಅಂದಳು.

ಯಾರು ಹಾಗೆ ಕೇಳಿದ್ದರು ಅವನನ್ನು? ದೇವಯ್ಯ ಹಿಗ್ಗಿಹೋದ. ಇಬ್ಬರೂ ತಿಂಗಳುಗಟ್ಟಲೆ ಪೈಪಿನ ಜಾಡು ಹಿಡಿದು ಓಡಾಡಿದರು. ಎಲ್ಲಿ ಹಬೆ ಸೋರುತ್ತಿದೆ, ಯಾವ ವಾಲ್ವು ಸರಿಯಾಗಿ ಕೂರುವುದಿಲ್ಲ, ಎಲ್ಲಿ ಪೈಪಿನ ಹೊದಿಕೆ ಕಿತ್ತು ಶಾಖವೆಲ್ಲ ಗಾಳಿಗೆ ಹೋಗುತ್ತಿದೆ, ಅವನು ಬೆರಳು ಮಾಡಿ ತೋರಿಸಿದ, ಅವಳು ಬರೆದುಕೊಂಡಳು. ಕಾರ್ಖಾನೆಯ ಹಳೇ ನಕ್ಷೆ ನೋಡಿ ಅವಳು ಬರೆದ ಹೊಸ ನಕ್ಷೆಯಲ್ಲಿ ಕೊನೆಯ ಯಂತ್ರದ ನೀರು ಮೋರಿಗೆ ಹೋಗುತ್ತದೆ ಎಂದೇ ಇತ್ತು. "ಇದು ದೂರ, ಸ್ವಲ್ಪ ನೀರು, ಇದನ್ನ ಲೆಕ್ಕಕ್ಕೆ ಹಿಡೀದಿದ್ರೂ ನಡೆಯುತ್ತೆ" ಎಂದು ಅವಳು ಹಾಳೆ ಮಡಚಿದಳು.

ಅಲ್ಲಿಗೇ ಬಿಟ್ಟಿದ್ದರೆ ಮುಗಿದಿತ್ತು. ದೇವಯ್ಯ ಬಿಡಲಿಲ್ಲ.

ಇದಕ್ಕೆ ಕಾರಣ ಹುಡುಕಬೇಕಾದರೆ ಕಬಿನಿಯ ಹಿನ್ನೀರಿಗೆ ಹೋಗಬೇಕು. ಅವನಪ್ಪ ಅಲ್ಲಿ ಎರಡೆಕರೆ ಉಳುತ್ತಿದ್ದ. ಉತ್ತಿದ್ದು ನಿಜ, ಬಿತ್ತಿದ್ದು ನಿಜ, ಪಹಣಿಯಲ್ಲಿ ಹೆಸರು ಮಾತ್ರ ಇರಲಿಲ್ಲ. ಬೀಚನಹಳ್ಳಿಯಲ್ಲಿ ಕಟ್ಟೆ ಎದ್ದು ನೀರು ನಿಂತಾಗ, ಹೆಸರಿದ್ದವರಿಗೆ ಪರಿಹಾರ ಬಂತು, ಬದಲಿ ಜಮೀನು ಬಂತು. ಅವನಪ್ಪ ಮುಳುಗಿದ ಹೊಲದ ದಡದಲ್ಲಿ ನಿಂತು ಬರಿಗೈಲಿ ವಾಪಸಾದ. ಸಾಯುವವರೆಗೂ ಮಗನಿಗೆ ಅವನು ಹೇಳಿದ್ದು ಒಂದೇ ಮಾತು: "ಬರೆಸ್ಕೊ ಕಣ್ಲಾ ಮಗ, ಏನಿದ್ರೂ ಬರೆಸ್ಕೊ." ಬರೆದದ್ದನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ದೇವಯ್ಯ ದೇವರನ್ನು ನಂಬಿದ ಹಾಗೆ ನಂಬಿದ್ದ. ಇನ್ನೆರಡು ವರ್ಷಕ್ಕೆ ತನಗೆ ರಿಟೈರು. ಆಮೇಲೆ ಬರುವವನು ಪೈಪು ಕಿತ್ತರೆ ಹೆಂಗಸರ ಗತಿಯೇನು ಎಂಬುದು ಅವನ ಕೊರಗು.

"ಬರೆಸಕ್ಕೆ ಓಗ್ಬ್ಯಾಡಿ, ಯಾರ ಕಣ್ಗೂ ಬೀಳ್ದಂಗೆ ಇರದೇ ವಾಸಿ" ಎಂದು ಚಿಕ್ಕಸಿದ್ದಮ್ಮ ಹೇಳಿದಳು.

"ನಿಂಗೇನ್ ಗೊತ್ತಾದದು? ಪುಸ್ತಕಕ್ಕೆ ಏರಿದ್ರೆ ಅದು ನಿಮ್ದೇ ಆಯ್ತದೆ. ನಾನಿಲ್ದಿದ್ರೂ ಇರ್ತದೆ" ಎಂದು ದೇವಯ್ಯ ಅವಳ ಬಾಯಿ ಮುಚ್ಚಿಸಿದ.

ಮಾರನೇ ದಿನ ಮಧುಶ್ರೀಯನ್ನು ಗೋಡೆಯ ಹಿಂದಕ್ಕೆ ಕರೆದೊಯ್ದು ತೊಟ್ಟಿ ತೋರಿಸಿದ. "ಇದ್ನೂ ಬರ್ಕಳಿ ತಾಯಿ. ಬಿಡಬ್ಯಾಡಿ." ಅವಳು ಯಾಕೋ ಅನುಮಾನಿಸಿದಳು. "ಬರೆದ ಮೇಲೆ ಅದು ಎಲ್ರ ಮುಂದೆ ಬರುತ್ತೆ ದೇವಯ್ಯನವ್ರೇ" ಅಂದಳು. "ಬರ್ಲಿ ಅಂತಲೇ ಕಣವ್ವ ನಾನ್ ಹೇಳ್ತಿರದು" ಅಂದ. ಅಷ್ಟೇ ಅಲ್ಲ, ನೀರು ಎಷ್ಟೆಂದು ಸರಿಯಾಗಿ ತಿಳಿಯಲಿ ಎಂದು ತಾನೇ ಬಕೆಟ್ ಹಿಡಿದು, ಅವಳ ಕೈಗೆ ಗಡಿಯಾರ ಕೊಟ್ಟು ಅಳೆಸಿದ. ನಿಮಿಷಕ್ಕೆ ಒಂದು ಬಕೆಟ್, ತುಂಬಿ ತುಳುಕುವಷ್ಟು. ಅವಳು ಬರೆದ ಅಂಕಿಯ ಪಕ್ಕ ತನ್ನ ಹೆಸರನ್ನೂ ಬರೆಸಿ, ಕೆಳಗೆ ಸಹಿ ಹಾಕಿದ. ಅಂದು ಸಂಜೆ ಟೆಂಪೋ ಹತ್ತುತ್ತಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ, "ಇನ್ ಯೋಚ್ನೆ ಬುಡಿ, ಬರೆಸ್ಬುಟ್ಟಿವ್ನಿ" ಎಂದು ಕೂಗಿ ಹೇಳಿದ.

ದಿನಕ್ಕೆಷ್ಟು ಬಕೆಟ್, ಸೀಸನ್ನಿಗೆಷ್ಟು, ಅಷ್ಟು ನೀರನ್ನು ಮತ್ತೆ ಕಾಯಿಸಲು ಎಷ್ಟು ಟನ್ ಸೌದೆ ಎಂದು ಕಂಪ್ಯೂಟರು ಗುಣಿಸಿತು. ಸ್ವಲ್ಪ ನೀರು ಎಂದು ಮೊದಲು ಕೈಬಿಟ್ಟಿದ್ದು ಬಹಳ ನೀರಾಗಿ ಕೂತಿತು. ಹೆಡ್ಡಾಫೀಸಿನವರು ಅದರ ಮುಂದೆ ಕೆಂಪು ಗುರುತು ಹಾಕಿ, ಸರ್ಟಿಫಿಕೇಟಿನ ಆಡಿಟ್ಟಿಗೆ ಮುಂಚೆ ಈ ನಷ್ಟ ಮುಚ್ಚಬೇಕು, ನೀರು ಬಾಯ್ಲರಿಗೆ ವಾಪಸು ಬರಬೇಕು ಎಂದು ಬರೆದು ಕಳಿಸಿದರು. ನಷ್ಟ! ಹದಿನಾಲ್ಕು ವರ್ಷ ಮೋರಿಗೆ ಬಿದ್ದಿದ್ದರೆ ಯಾರೂ ಕಣ್ಣೆತ್ತಿ ನೋಡುತ್ತಿರದ ನೀರು, ಹೆಂಗಸರ ಕೈಗೆ ಬಿದ್ದದ್ದು ಗೊತ್ತಾದ ಮೇಲೆ ನಷ್ಟವಾಯಿತು.

ಮಧುಶ್ರೀ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಕೈತೊಳೆಯುವುದಕ್ಕೆ ಸೋಲಾರ್ ಹಾಕಿಸಿಕೊಡಿ, ಅರವತ್ತು ಜನಕ್ಕೆ ಬೇಕು ಎಂದು ಬರೆದಳು. ಅರವತ್ತು ಜನರ ಹೆಸರು, ನಂಬರು ಕಳಿಸಿ ಎಂದು ಉತ್ತರ ಬಂತು. ಅವಳು ಹಾಜರಿ ಪುಸ್ತಕ ತೆಗೆದು ನೋಡಿದಳು. ಕಾರ್ಖಾನೆಯ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ಕಂಟ್ರಾಕ್ಟರ ಬಿಲ್ಲಿನಲ್ಲಿ 'ಹೆಣ್ಣಾಳು ಅರವತ್ತು' ಅಂತಷ್ಟೇ ಇತ್ತು. ನಮ್ಮ ಸಿಬ್ಬಂದಿಯಲ್ಲದವರಿಗೆ ನಾವು ಹಾಕಿಸಲಾಗದು ಎಂದು ಮುಂದಿನ ಉತ್ತರ ಬಂತು, ಅಲ್ಲಿಗೆ ಕಾಗದ ನಿಂತಿತು.

"ನೀರನ್ನ ಬರೆಸಿದ್ರಿ, ಅವರನ್ನ ಯಾರೂ ಬರೆಸಿಲ್ಲ" ಎಂದು ಹೇಳುವಾಗ ಮಧುಶ್ರೀಯ ಕಣ್ಣಲ್ಲಿ ನೀರಿತ್ತು.

"ಅಂಗಾದ್ರೆ ಆ ಸಾಲು ಹೊಡೆದಾಕ್ಬುಡಿ ತಾಯಿ. ನನ್ ತೆಪ್ಪು. ನಾನ್ ಏನೂ ತೋರ್ಸಿಲ್ಲ, ನೀವೇನೂ ನೋಡಿಲ್ಲ."

"ಆಗಲ್ಲ ದೇವಯ್ಯನವ್ರೇ. ನಿಮ್ಮ ಸಹಿ ಇದೆ. ಹೆಡ್ಡಾಫೀಸಿಗೂ ಹೋಗಿದೆ."

ಪೈಪು ಎಲ್ಲಿ ತಿರುಗುತ್ತದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಹಾಗಾಗಿ ಬಿಚ್ಚುವ ಕೆಲಸವೂ ಅವನ ಪಾಲಿಗೇ ಬಂತು. ಸ್ಪ್ಯಾನರ್ ಹಿಡಿದು ಒಂದೊಂದೇ ಜೋಡಣೆ ಸಡಿಲಿಸಿದ, ಹೊಸ ಪೈಪನ್ನು ಬಾಯ್ಲರಿನ ಕಡೆಗೆ ತಿರುಗಿಸಿದ. ಆಡಿಟರು ಬಂದವರು ಅದನ್ನು ನೋಡಿ ಮೆಚ್ಚಿ, ಕೆಲಸಗಾರನೇ ನಷ್ಟ ಕಂಡುಹಿಡಿದು ಸರಿಪಡಿಸಿದ ಉದಾಹರಣೆ ಎಂದು ಫೋಟೋ ತೆಗೆದರು. ಅದು ಈಗಲೂ ನೋಟೀಸು ಬೋರ್ಡಿನಲ್ಲಿದೆ. ಆ ದಾರಿಯಲ್ಲಿ ಓಡಾಡುವುದನ್ನು ದೇವಯ್ಯ ಬಿಟ್ಟಿದ್ದಾನೆ.

ನೀರು ನಿಂತ ದಿನ ಹೆಂಗಸರು ತೊಟ್ಟಿಯ ಹತ್ತಿರ ಬಂದರು, ನೋಡಿದರು, ತಣ್ಣೀರಿನ ನಲ್ಲಿಯ ಕಡೆ ಹೋದರು. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಬೇಲಿ ಪಕ್ಕದ ನೆರಳಲ್ಲಿ ಚಿಕ್ಕಸಿದ್ದಮ್ಮ ಡಬ್ಬಿ ಬಿಚ್ಚಿ ಕೂತಿದ್ದಳು. ದೇವಯ್ಯ ಹೋಗಿ ಎದುರಿಗೆ ಕೂತ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ನುಂಗಲು ಹೊತ್ತು ಹಿಡಿಯಿತು.

"ಎಂಗದೆ?" ಎಂದು ಕೇಳಿದ.

"ಚೆನ್ನಾಗದೆ. ಉಪ್ಪು ಒಂಚೂರು ಕಮ್ಮಿ ಆಗದೆ, ಅಷ್ಟೆಯ" ಅಂದಳು.

ಅವನು ಅವಳ ಕೈಹಿಡಿದು ಇನ್ನೊಂದು ತುತ್ತನ್ನು ತನ್ನ ಬಾಯಿಗೆ ಹಾಕಿಸಿಕೊಂಡ. ನಾಲಿಗೆಯಿಂದ ಗಂಟಲವರೆಗೂ ಕಹಿ. ಉಪ್ಪು ಸರಿಯಾಗಿಯೇ ಇತ್ತು. "ಊಂ ಕಣೆ, ಕಮ್ಮಿ ಆಗದೆ" ಅಂದ.